ಕೆಲಸಕ್ಕೆ ಹೋಗೋ ಅಪ್ಪ ಅಮ್ಮಂದಿರಿಗೆ: ಮನೆ, ಆಫೀಸು ಎರಡನ್ನೂ ನಡೆಸೋಕೆ ಏನೇನು ಮುಂಚೆನೇ ತೀರ್ಮಾನ ಮಾಡ್ಕೋಬೇಕು

ಬೆಳಿಗ್ಗೆ ಏಳು ಗಂಟೆಗೆ ಮಗು ಮೈ ಮುಟ್ಟಿ ನೋಡಿದ್ರೆ ಬಿಸಿ. ಇಬ್ರಿಗೂ ಆಫೀಸಿದೆ. ಆಗ ಶುರುವಾಗತ್ತೆ ನೋಡಿ, ನಿಂಗೆ ಇವತ್ತು ಮೀಟಿಂಗ್ ಇದ್ಯಾ, ನಂಗಂತೂ ಇವತ್ತು ಆಗೋದೇ ಇಲ್ಲ, ಹೋದ ಸಲನೂ ನಾನೇ ರಜ ಹಾಕಿದ್ದೆ ಅಂತ. ಮಗುಗೆ ಜ್ವರ ಬಂದಿದ್ದಕ್ಕಿಂತ ಆ ಜಗಳದಲ್ಲೇ ಅರ್ಧ ಶಕ್ತಿ ಹೋಗತ್ತೆ. ಇದನ್ನ ಎಲ್ರೂ ಟೈಮ್ ಸಾಕಾಗ್ತಿಲ್ಲ ಅಂತ ಹೇಳ್ತಾರೆ. ಟೈಮ್ ಕಮ್ಮಿ ಇರೋದು ನಿಜನೇ, ಆದ್ರೆ ಈ ಜಗಳ ಆಗೋದು ಟೈಮ್ ಇಲ್ಲದ್ದಕ್ಕಲ್ಲ, ಮಗು ಹುಷಾರು ತಪ್ಪಿದ ದಿನ ಯಾರು ಮನೇಲಿರ್ಬೇಕು ಅನ್ನೋದನ್ನ ಮಗು ಹುಷಾರಾಗಿದ್ದಾಗ ಯಾರೂ ಮಾತಾಡಿರಲ್ಲ, ಅದಕ್ಕೆ.

ಈ ಲೇಖನದಲ್ಲಿ ನಾನು ಹೇಳ್ಬೇಕು ಅಂದ್ಕೊಂಡಿರೋದು ಮುಖ್ಯವಾಗಿ ಇದೇ. ದಿನಾ ದಿನಾ ತೀರ್ಮಾನ ಮಾಡೋ ವಿಷಯಗಳನ್ನ ಒಂದ್ಸಲ ಕೂತು, ತಲೆ ತಣ್ಣಗಿರುವಾಗ ತೀರ್ಮಾನ ಮಾಡಿ ಇಟ್ಬಿಡಿ. ಹೆಂಗೆ ಅಂತ ಒಂದೊಂದಾಗಿ ನೋಡೋಣ.

ಮೊದಲನೇದು: ಒಂದು ವಾರ ಎಲ್ಲಾ ಬರೆದಿಡಿ

ಒಂದು ನೋಟ್‌ಬುಕ್ ಅಥವಾ ಫೋನಲ್ಲಿ ಇಬ್ರೂ ನೋಡೋ ಹಾಗೆ ಒಂದು ಲಿಸ್ಟ್ ಇಟ್ಕೊಳ್ಳಿ. ವಾರ ಪೂರ್ತಿ ಮನೆಗೆ ಮಗುಗೆ ಸಂಬಂಧಪಟ್ಟ ಯಾವ ಕೆಲಸ ಮಾಡಿದ್ರೂ ಬರೀರಿ. ಅಡುಗೆ, ಪಾತ್ರೆ, ಬಟ್ಟೆ, ಡ್ರಾಪ್, ಪಿಕಪ್ ಇವೆಲ್ಲ ಹೆಂಗೂ ಬರ್ದೇ ಬರೀತೀರ, ಕಣ್ಣಿಗೆ ಕಾಣೋ ಕೆಲಸ ಅಲ್ವಾ. ಬರಿಯೋಕೆ ಮರಿಯೋದು ತಲೆಯೊಳಗಿನ ಕೆಲಸ. ಮಗುಗೆ ಶೂ ಚಿಕ್ಕದಾಗ್ತಿದೆ ಅಂತ ಗಮನಿಸಿದ್ದು, ಮುಂದಿನ ಲಸಿಕೆ ಯಾವಾಗ ಅಂತ ನೆನಪಿಟ್ಕೊಂಡಿದ್ದು, ಸ್ಕೂಲಿಂದ ಬಂದ ಮೆಸೇಜ್ ಓದಿ ಉತ್ತರ ಕೊಟ್ಟಿದ್ದು, ಬರ್ತ್‌ಡೇಗೆ ಗಿಫ್ಟ್ ತರ್ಬೇಕು ಅಂತ ಯೋಚನೆ ಮಾಡಿದ್ದು, ಔಷಧಿ ಖಾಲಿ ಆಗ್ತಿದೆ ಅಂತ ನೋಡಿದ್ದು. ಇವಕ್ಕೆ ನಿಮಿಷದ ಲೆಕ್ಕ ಹಾಕಿದ್ರೆ ಏನೂ ಇಲ್ಲ ಅನ್ಸತ್ತೆ, ಆದ್ರೆ ಆಫೀಸಲ್ಲಿ ಕೂತಿರುವಾಗ್ಲೂ ಮೀಟಿಂಗ್ ಮಧ್ಯದಲ್ಲೂ ಇವು ತಲೆಯೊಳಗೆ ಓಡ್ತಾನೇ ಇರತ್ವೆ, ಸುಸ್ತಾಗೋದು ಅದ್ರಿಂದ.

ವಾರದ ಕೊನೆಗೆ ಆ ಲಿಸ್ಟನ್ನ ಇಬ್ರೂ ಒಟ್ಟಿಗೆ ಕೂತು ನೋಡಿ. ಯಾರು ಜಾಸ್ತಿ ಮಾಡ್ತಿದಾರೆ ಅಂತ ಸಾಬೀತು ಮಾಡೋಕೆ ನೋಡ್ಬೇಡಿ, ಆ ದಾರಿಗೆ ಹೋದ್ರೆ ಮಾತು ಅಲ್ಲೇ ನಿಂತೋಗತ್ತೆ. ಎರಡು ಪ್ರಶ್ನೆ ಸಾಕು. ಇದ್ರಲ್ಲಿ ಯಾವುದನ್ನ ಮಾಡ್ದೇ ಇದ್ರೂ ನಡಿಯತ್ತೆ? ಉಳಿದಿದ್ದು ಯಾರ ಜವಾಬ್ದಾರಿ? ಮೊದಲನೇ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ರೆ ಒಂದಷ್ಟು ಕೆಲಸ ಅಲ್ಲೇ ಬಿದ್ದೋಗತ್ತೆ. ಎಲ್ಲಾ ಬಟ್ಟೆಗೂ ಇಸ್ತ್ರಿ ಆಗ್ಲೇಬೇಕಾ?

ಎರಡನೇದು: ಕೆಲಸ ಹಂಚುವಾಗ ಪೂರ್ತಿ ಹಂಚಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ ಯಾಕಂದ್ರೆ ತುಂಬಾ ಮನೆಗಳಲ್ಲಿ ಹಂಚಿಕೆ ಫೇಲ್ ಆಗೋದು ಇಲ್ಲೇ. "ಏನ್ ಮಾಡ್ಬೇಕು ಹೇಳು, ಮಾಡ್ತೀನಿ" ಅನ್ನೋ ಮಾತು ಕೇಳೋಕೆ ಚೆನ್ನಾಗಿರತ್ತೆ, ಒಳ್ಳೆ ಮನಸ್ಸಿಂದಾನೇ ಹೇಳ್ತಾರೆ. ಆದ್ರೆ ಏನು ಮಾಡ್ಬೇಕು ಅಂತ ಯೋಚಿಸೋದು, ಯಾವಾಗ ಅಂತ ನೆನಪಿಡೋದು, ಆಯ್ತಾ ಇಲ್ವಾ ಅಂತ ಕೇಳೋದು, ಮೂರೂ ಮತ್ತೆ ಹೇಳೋರ ತಲೆ ಮೇಲೇ ಉಳೀತು. ಕೈಕೆಲಸ ಮಾತ್ರ ಆಚೆ ಹೋಯ್ತು.

ಅದಕ್ಕೆ ಒಂದು ಕೆಲಸ ಕೊಟ್ರೆ ಅದರ ತಲೆಯಿಂದ ಬಾಲದವರೆಗೂ ಒಬ್ರಿಗೇ ಕೊಡಿ. ಉದಾಹರಣೆಗೆ ಲಸಿಕೆ. ಮುಂದಿನದು ಯಾವಾಗ ಅಂತ ಕಾರ್ಡ್ ನೋಡೋದು, ಡಾಕ್ಟರ್ ಹತ್ರ ಟೈಮ್ ತಗೊಳೋದು, ಆಫೀಸಲ್ಲಿ ಅವತ್ತಿನ ರಜ ಹೇಳೋದು, ಕರ್ಕೊಂಡು ಹೋಗೋದು, ಅವತ್ತು ರಾತ್ರಿ ಮೈ ಬಿಸಿಯಾಗಿ ಮಗು ಕಿರಿಕಿರಿ ಮಾಡಿದ್ರೆ ಏಳೋದು, ಕಾರ್ಡ್ ವಾಪಸ್ ಜಾಗದಲ್ಲಿ ಇಡೋದು. ಇಷ್ಟೂ ಸೇರಿ ಒಂದು ಕೆಲಸ. ಅದೇ ತರ ಬಟ್ಟೆ ಅಂದ್ರೆ ಮೆಷಿನ್‌ಗೆ ಹಾಕೋದು ಮಾತ್ರ ಅಲ್ಲ, ಒಣಗ್ಸಿ ಮಡಚಿ ಕಪಾಟಿಗೆ ಹೋಗೋವರೆಗೂ. ಸ್ಕೂಲು ಅಂದ್ರೆ ಟೀಚರ್ ಮೆಸೇಜ್‌ಗಳು, ಫೀಸ್ ಕಟ್ಟೋ ದಿನ, ಮೀಟಿಂಗ್ ದಿನ, ಎಲ್ಲಾ.

ಕೊಟ್ಟ ಮೇಲೆ ಕೊಟ್ಟೋರು ಹಿಂದೆ ಸರೀಬೇಕು, ಇದು ಕೊಡೋದಕ್ಕಿಂತ ಕಷ್ಟ. ಅವರು ಮಡಚಿದ ರೀತಿ ನಿಮಗೆ ಸರಿ ಅನ್ಸದೇ ಇರಬಹುದು, ಮಗುಗೆ ಹಾಕಿದ ಬಟ್ಟೆ ಮ್ಯಾಚ್ ಆಗದೇ ಇರಬಹುದು. ಪ್ರತೀ ಸಲ ತಿದ್ದುತಾ ಹೋದ್ರೆ ಎದುರಿನೋರು ಒಂದಿನ ಕೈ ಎತ್ತಿ ನೀನೇ ಮಾಡ್ಕೋ ಅಂತಾರೆ, ಅಲ್ಲಿಗೆ ಮುಗೀತು. ಹಾಗಂತ ಹೆಂಗಾದ್ರೂ ಮಾಡ್ಲಿ ಅಂತಲ್ಲ. ಕನಿಷ್ಠ ಎಷ್ಟು ಆಗ್ಲೇಬೇಕು ಅಂತ ಇಬ್ರೂ ಸೇರಿ ಮೊದ್ಲೇ ಮಾತಾಡ್ಕೊಳ್ಳಿ: ಮಗು ಒಂಬತ್ತರೊಳಗೆ ಮಲಗಿರ್ಬೇಕು, ಹಲ್ಲು ಉಜ್ಜಿರ್ಬೇಕು, ಬೆಳಿಗ್ಗೆಯ ಬ್ಯಾಗ್ ರೆಡಿ ಇರ್ಬೇಕು. ಅದರ ಮೇಲೆ ಯಾವ ಕಥೆ ಹೇಳಿದ್ರು, ಯಾವ ಕ್ರಮದಲ್ಲಿ ಮಾಡಿದ್ರು ಅನ್ನೋದು ಅವರಿಗೆ ಬಿಟ್ಟಿದ್ದು.

ಮೂರನೇದು: ಮಗು ಹುಷಾರು ತಪ್ಪೋ ದಿನಕ್ಕೆ ಪ್ಲಾನ್

ಇದು ನನ್ನ ಪ್ರಕಾರ ಈ ಇಡೀ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ. ಯಾವಾಗ್ಲೋ ಒಂದ್ಸಲ ಆಗತ್ತೆ, ಆವಾಗ ನೋಡ್ಕೊಳ್ಳೋಣ ಅಂತ ಬಿಡೋ ವಿಷಯ ಅಲ್ಲ ಇದು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಆಗೋದು ಮಾಮೂಲು, ಡೇಕೇರ್‌ಗೆ ಸೇರಿದ ಮೊದಲನೇ ವರ್ಷ ಇನ್ನೂ ಜಾಸ್ತಿನೇ ಆಗಬಹುದು. ಮಗುನ ಸರಿಯಾಗಿ ನೋಡ್ಕೊಳ್ತಿಲ್ವೇನೋ ಅಂತ ಬೇಜಾರು ಮಾಡ್ಕೋಬೇಡಿ, ಹತ್ತು ಮಕ್ಕಳು ಒಂದ್ಕಡೆ ಸೇರಿದಾಗ ವೈರಸ್ ಹರಡತ್ತೆ, ಮಗು ದೊಡ್ಡದಾಗ್ತಾ ಕಮ್ಮಿ ಆಗತ್ತೆ. ಆದ್ರೆ ವರ್ಷಕ್ಕೆ ಇಷ್ಟು ದಿನ ಹೋಗತ್ತೆ ಅಂತ ಗೊತ್ತಿದ್ಮೇಲೆ ಇರೋ ರಜಗಳನ್ನ ಎಲ್ಲಾ ಪ್ರವಾಸಕ್ಕೆ ಹಬ್ಬಕ್ಕೆ ಅಂತ ಖಾಲಿ ಮಾಡ್ಬೇಡಿ, ಇಬ್ರೂ ಒಂದಷ್ಟು ಇದಕ್ಕಂತಲೇ ತೆಗೆದಿಡಿ.

ವಾರದ ದಿನಗಳನ್ನ ಮೊದ್ಲೇ ಹಂಚ್ಕೊಳ್ಳಿ. ಸೋಮವಾರ ಮಂಗಳವಾರ ಒಬ್ರದು, ಬುಧವಾರ ಗುರುವಾರ ಇನ್ನೊಬ್ರದು, ಶುಕ್ರವಾರ ಒಂದು ವಾರ ಇವರು ಒಂದು ವಾರ ಅವರು. ಅವತ್ತು ಡೇಕೇರಿಂದ ಫೋನ್ ಬಂದ್ರೆ, ಸ್ಕೂಲು ದಿಢೀರ್ ರಜ ಕೊಟ್ರೆ, ಯಾರ ದಿನವೋ ಅವರು ಹೋಗ್ತಾರೆ, ಚರ್ಚೆ ಇಲ್ಲ. ಯಾರಿಗಾದ್ರೂ ಅವರ ದಿನ ಬಿಡೋಕಾಗದ ಕೆಲಸ ಇದ್ರೆ ವಾರ ಶುರುವಾಗೋ ಮುಂಚೆ ಹೇಳಿ ದಿನ ಬದಲಾಯಿಸ್ಕೋಬೇಕು. ಡೇಕೇರ್‌ನವರಿಗೂ ಸ್ಕೂಲಿಗೂ ಇಬ್ರ ನಂಬರೂ ಕೊಟ್ಟು ಯಾವ ದಿನ ಯಾರಿಗೆ ಮೊದ್ಲು ಫೋನ್ ಮಾಡ್ಬೇಕು ಅಂತ ಹೇಳಿಡಿ, ಇಲ್ಲಾಂದ್ರೆ ಯಾವಾಗ್ಲೂ ಅಮ್ಮನಿಗೇ ಫೋನ್ ಬರತ್ತೆ.

ಮೂರನೇ ಒಬ್ರು ಬೇಕು. ಅಜ್ಜಿ ತಾತ ಆಗಬಹುದು, ಅಕ್ಕಪಕ್ಕದೋರು, ಇನ್ನೊಂದು ಮಗುವಿನ ಅಪ್ಪ ಅಮ್ಮ ಆಗಬಹುದು. ತುರ್ತಿದ್ದಾಗ ಕೇಳಿದ್ರೆ ಅವರಿಗೂ ಕಷ್ಟ, ಈಗ್ಲೇ ಕೇಳಿ: ನಾವಿಬ್ರೂ ಸಿಗದೇ ಇದ್ರೆ ಮಗುನ ಕರ್ಕೊಂಡು ಬರೋಕೆ ನಿಮ್ಮ ಹೆಸರು ಕೊಡಬಹುದಾ ಅಂತ. ವಯಸ್ಸಾದೋರಿದ್ರೆ ಜ್ವರ ಬಂದ ಮಗುನ ಅವರ ಹತ್ರ ಬಿಡೋದು ಅವರಿಗೂ ತೊಂದ್ರೆ ಆಗಬಹುದು, ಮಗುವಿನ ಸೋಂಕು ಅವರಿಗೆ ಹತ್ತಿದ್ರೆ ವಾಸಿ ಆಗೋಕೆ ಜಾಸ್ತಿ ದಿನ ಹಿಡಿಯತ್ತೆ. ಅಂಥ ದಿನ ಸಾಧ್ಯ ಆದಷ್ಟು ನೀವೇ ಇರಿ.

ಯಾವಾಗ ಕಳಿಸಬಾರದು ಅನ್ನೋದಕ್ಕೂ ಒಂದು ನಿಯಮ ಇರ್ಲಿ, ಬೆಳಿಗ್ಗೆ ಗಡಿಬಿಡೀಲಿ ಮನಸ್ಸು ಪರವಾಗಿಲ್ಲ ಕಳಿಸು ಅನ್ನತ್ತೆ. ಥರ್ಮಾಮೀಟರಲ್ಲಿ 38 ಡಿಗ್ರಿ ಸೆಲ್ಸಿಯಸ್ ಅಂದ್ರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಜ್ವರ, ಅವತ್ತು ಮನೇಲಿ. ಜ್ವರದ ಔಷಧಿ ಕೊಡದೇನೇ 24 ಗಂಟೆ ಜ್ವರ ಬರ್ದೇ ಇದ್ಮೇಲೆ ಕಳಿಸಿ. ಔಷಧಿ ಹಾಕಿ ಬೆಳಿಗ್ಗೆ ಕಳಿಸಿದ್ರೆ ಮಧ್ಯಾಹ್ನದ ಹೊತ್ತಿಗೆ ಅದರ ಪ್ರಭಾವ ಇಳಿದು ಫೋನ್ ಬರತ್ತೆ, ಅಷ್ಟರಲ್ಲಿ ಬೇರೆ ಮಕ್ಕಳಿಗೂ ಹಂಚಿಯಾಗಿರತ್ತೆ. ವಾಂತಿ ಭೇದಿ ಆಗಿದ್ರೆ ನಿಂತ ಮೇಲೆ 48 ಗಂಟೆ ಕಾಯೋದು ಒಳ್ಳೇದು, ನಿಮ್ಮ ಡೇಕೇರಿನ ನಿಯಮ ಬೇರೆ ಇದ್ರೆ ಅದನ್ನ ನೋಡಿ. ಇನ್ನೊಂದು ವಿಷಯ, ಮೂರು ತಿಂಗಳೊಳಗಿನ ಮಗುಗೆ 38 ಡಿಗ್ರಿ ಬಂದ್ರೆ ಕಾಯೋದೇ ಬೇಡ, ಹಗಲೋ ರಾತ್ರಿಯೋ ತಕ್ಷಣ ಡಾಕ್ಟರಿಗೆ ತೋರಿಸಿ.

ಇಷ್ಟನ್ನೂ ಒಂದು ಹಾಳೇಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಡಾಕ್ಟರ್ ನಂಬರ್, ಮಗುವಿನ ತೂಕ (ಔಷಧಿ ಡೋಸ್ ತೂಕದ ಮೇಲೆ ನಿಂತಿರತ್ತೆ, ಅದಕ್ಕೆ ಆಗಾಗ ಬದಲಾಯಿಸಿ), ಅಲರ್ಜಿ ಇದ್ರೆ ಅದು, ಮೂರನೇ ವ್ಯಕ್ತಿಯ ನಂಬರ್.

ನಾಲ್ಕನೇದು: ಮಗು ಹುಟ್ಟಿದ ಮೇಲೆ ವಾಪಸ್ ಕೆಲಸಕ್ಕೆ ಹೋಗುವಾಗ

ಸೋಮವಾರ ಶುರು ಮಾಡ್ಬೇಡಿ. ಆಗೋದಾದ್ರೆ ಬುಧವಾರ ಅಥವಾ ಗುರುವಾರ ಶುರು ಮಾಡಿ, ಮೊದಲ ವಾರ ಎರಡ್ಮೂರು ದಿನಕ್ಕೇ ಮುಗಿಯತ್ತೆ, ಏನು ಸರಿ ಹೋಗ್ಲಿಲ್ಲ ಅಂತ ವಾರಾಂತ್ಯದಲ್ಲಿ ಕೂತು ನೋಡ್ಬಹುದು. ಅದಕ್ಕೂ ಮುಂಚೆ ಒಂದೆರಡು ವಾರದಿಂದ ಮಗುನ ನೋಡ್ಕೊಳ್ಳೋರ ಹತ್ರ ಮೊದ್ಲು ಒಂದು ಗಂಟೆ, ಆಮೇಲೆ ಅರ್ಧ ದಿನ ಅಂತ ಬಿಟ್ಟು ಅಭ್ಯಾಸ ಮಾಡಿಸಿ. ಒಂದಿನ ಪೂರ್ತಿ ರಿಹರ್ಸಲ್ ಮಾಡಿ, ನೀವೂ ಆಫೀಸಿಗೆ ಹೋಗೋ ಹಾಗೇ ಎದ್ದು ರೆಡಿಯಾಗಿ ಹೊರಡಿ. ಎಷ್ಟು ಹೊತ್ತು ಹಿಡಿಯತ್ತೆ ಅಂತ ಆವಾಗ್ಲೇ ನಿಜವಾಗಿ ಗೊತ್ತಾಗೋದು.

ಎದೆಹಾಲು ಕುಡಿಸ್ತಿರೋ ತಾಯಂದಿರಿಗೆ: ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಅಷ್ಟರೊಳಗೆ ಕೆಲಸಕ್ಕೆ ಹೋಗ್ಬೇಕಾದ್ರೂ ಹಾಲು ತೆಗೆದಿಟ್ಟು ಮುಂದುವರ್ಸಬಹುದು. ಆಗಷ್ಟೇ ತೆಗೆದ ಹಾಲು 25 ಡಿಗ್ರಿವರೆಗಿನ ರೂಮಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಚೆನ್ನಾಗಿರತ್ತೆ, ಫ್ರೀಜರಲ್ಲಾದ್ರೆ 6 ತಿಂಗಳೊಳಗೆ ಬಳಸೋದು ಉತ್ತಮ. ಸೆಖೆ ಜಾಸ್ತಿ ಇದ್ರೆ ನಾಲ್ಕು ಗಂಟೆ ಅಂತ ನೆಚ್ಚಿಕೊಂಡು ಕೂರಬೇಡಿ, ಬೇಗ ತಣ್ಣಗಿಡಿ. ಫ್ರೀಜರಿಂದ ತೆಗೆದು ಕರಗಿಸಿದ್ದನ್ನ ಮತ್ತೆ ಫ್ರೀಜ್ ಮಾಡ್ಬಾರದು, ಮಗು ಕುಡಿದು ಬಿಟ್ಟಿದ್ದನ್ನ 2 ಗಂಟೆ ಆದ್ಮೇಲೆ ಚೆಲ್ಲಿಬಿಡಿ. ಪ್ರತೀ ಬಾಟ್ಲಿ ಮೇಲೂ ತಾರೀಖು ಬರೀರಿ, ಹಳೇದು ಮೊದ್ಲು. ಹಾಲು ತೆಗೆಯೋಕೆ ಬಾಗಿಲು ಹಾಕ್ಕೊಳ್ಳೋ ಒಂದು ಜಾಗ ಮತ್ತೆ ಟೈಮ್ ಬೇಕು ಅಂತ ಆಫೀಸಿಗೆ ವಾಪಸ್ ಹೋಗೋ ಮುಂಚೆನೇ ಮೇಲ್ ಹಾಕಿ ಕೇಳಿ, ಟಾಯ್ಲೆಟ್ಟಲ್ಲಿ ಮಾಡ್ಕೊಳ್ಳಿ ಅಂದ್ರೆ ಒಪ್ಕೋಬೇಡಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಪ್ಪಂದದಲ್ಲಿ ಕನಿಷ್ಠ 14 ವಾರ ಹೆರಿಗೆ ರಜದ ಜೊತೆಗೆ ಹಾಲುಣಿಸೋ ಬಿಡುವನ್ನ ಸಂಬಳ ಸಮೇತ ಕೆಲಸದ ಹೊತ್ತು ಅಂತಾನೇ ಲೆಕ್ಕ ಹಿಡೀಬೇಕು ಅಂತ ಇದೆ. ನೀವಿರೋ ದೇಶದ ಕಾನೂನಲ್ಲಿ ಏನಿದೆ ಅಂತ ಒಂದ್ಸಲ ನೋಡ್ಕೊಂಡು ಹೋಗಿ, ಮಾತಿಗೆ ಬಲ ಬರತ್ತೆ.

ಬಿಟ್ಟು ಹೋಗುವಾಗ ಮಗು ಅಳೋ ವಿಷಯ. ಎಂಟೊಂಬತ್ತು ತಿಂಗಳ ಆಸುಪಾಸಲ್ಲಿ ಮಕ್ಕಳು ಅಪ್ಪ ಅಮ್ಮ ಕಣ್ಮರೆ ಆದ್ರೆ ಅಳೋಕೆ ಶುರು ಮಾಡ್ತಾರೆ, ಒಂದೂವರೆ ವರ್ಷದವರೆಗೂ ಜೋರಾಗೇ ಇರಬಹುದು, ಆಮೇಲೆ ನಿಧಾನಕ್ಕೆ ಇಳಿಯತ್ತೆ. ಅದು ಬೆಳವಣಿಗೆಯ ಒಂದು ಹಂತ, ನೀವು ಕೆಲಸಕ್ಕೆ ಹೋಗ್ತಿರೋದ್ರಿಂದ ಆದ ಗಾಯ ಅಲ್ಲ. ಮಗು ಆಟದಲ್ಲಿ ಮುಳುಗಿದ್ದಾಗ ಕದ್ದು ಹೊರಡೋದು ಆ ಕ್ಷಣಕ್ಕೆ ಸುಲಭ, ಆದ್ರೆ ಅಮ್ಮ ಯಾವಾಗ ಬೇಕಾದ್ರೂ ಮಾಯ ಆಗ್ಬಹುದು ಅಂತ ಮಗು ಕಲಿಯತ್ತೆ, ನಾಳೆಯಿಂದ ಮನೇಲೂ ಬಿಡಲ್ಲ. ಹೇಳಿ ಹೋಗಿ. ಒಂದು ಮುತ್ತು, ಒಂದೇ ಮಾತು, "ಮಲಗಿ ಎದ್ದ ಮೇಲೆ ಬರ್ತೀನಿ", ಅಷ್ಟು ಹೇಳಿ ಹೊರಟುಬಿಡಿ, ಬಾಗಿಲ ಹತ್ರ ಹತ್ತು ಸಲ ತಿರುಗಿ ನೋಡ್ಬೇಡಿ. ಮತ್ತೆ ಹೇಳಿದ ಹೊತ್ತಿಗೆ ಬನ್ನಿ.

ಐದನೇದು: ಆಫೀಸಲ್ಲಿ ಹೆಂಗೆ ಕೇಳೋದು

ಸ್ವಲ್ಪ ಫ್ಲೆಕ್ಸಿಬಲ್ ಟೈಮಿಂಗ್ ಬೇಕು ಅಂತ ಕೇಳಿದ್ರೆ ನೋಡೋಣ ಅನ್ನೋ ಉತ್ತರನೇ ಬರೋದು, ಯಾಕಂದ್ರೆ ಏನು ಕೇಳ್ತಿದೀರ ಅಂತ ಮ್ಯಾನೇಜರಿಗೆ ಗೊತ್ತಾಗಲ್ಲ. ನಿಖರವಾಗಿ ಕೇಳಿ. ಮಂಗಳವಾರ, ಗುರುವಾರ 5 ಗಂಟೆಗೆ ಹೊರಡ್ತೀನಿ, ಆ ಎರಡು ದಿನ ಬೆಳಿಗ್ಗೆ 8ಕ್ಕೇ ಶುರು ಮಾಡ್ತೀನಿ, ತುರ್ತಿದ್ರೆ ಫೋನ್ ಮಾಡಿ, ಮೆಸೇಜ್ ಮಾಡಿದ್ರೆ ರಾತ್ರಿ ಒಂಬತ್ತರ ಮೇಲೆ ನೋಡ್ತೀನಿ, ಎರಡು ತಿಂಗಳು ಹೀಗೆ ಮಾಡಿ ನೋಡೋಣ ಸರಿ ಹೋಗದಿದ್ರೆ ಮಾತಾಡೋಣ. ಹೀಗೆ ಬರೆದು ಕೊಟ್ರೆ ಒಪ್ಪೋಕೆ ಸುಲಭ. ಒಪ್ಪಿದ ಮೇಲೆ ಒಂದು ಮೇಲ್ ಹಾಕಿ ದಾಖಲೆ ಇಟ್ಕೊಳ್ಳಿ, ಮ್ಯಾನೇಜರ್ ಬದಲಾದ್ರೆ ಬೇಕಾಗತ್ತೆ. ಕ್ಯಾಲೆಂಡರಲ್ಲಿ ಆ ಹೊತ್ತನ್ನ ಬ್ಲಾಕ್ ಮಾಡಿ.

ಶಿಫ್ಟ್ ಕೆಲಸ ಇರೋರಿಗೆ, ಅಂಗಡಿ ಫ್ಯಾಕ್ಟರಿ ಆಸ್ಪತ್ರೆಲಿ ಇರೋರಿಗೆ ಇದು ಅಷ್ಟು ಸುಲಭ ಅಲ್ಲ ಅಂತ ಗೊತ್ತು. ಅಲ್ಲಿ ಕೇಳ್ಬೇಕಾಗಿರೋದು ಬೇರೆ: ರೋಸ್ಟರ್ ಎಷ್ಟು ಮುಂಚೆ ಸಿಗತ್ತೆ, ಸಹೋದ್ಯೋಗಿ ಜೊತೆ ಶಿಫ್ಟ್ ಅದಲು ಬದಲು ಮಾಡ್ಕೋಬಹುದಾ, ಡ್ಯೂಟೀಲಿ ಫೋನ್ ಲಾಕರಲ್ಲಿದ್ರೆ ಮಗುವಿನ ತುರ್ತಿಗೆ ಯಾವ ನಂಬರಿಗೆ ಫೋನ್ ಮಾಡ್ಬೇಕು. ಎರಡು ವಾರ ಮುಂಚೆ ರೋಸ್ಟರ್ ಸಿಕ್ಕಿದ್ರೂ ಸಾಕು, ಮನೆ ಪ್ಲಾನ್ ಅದರ ಮೇಲೆ ಕಟ್ಟಬಹುದು.

ಅಪ್ಪಂದಿರೂ ಕೇಳ್ಬೇಕು, ಇದನ್ನ ಜೋರಾಗಿ ಹೇಳ್ತೀನಿ. ಅಮ್ಮ ಮಾತ್ರ ಬೇಗ ಹೊರಡ್ತಾ ಇದ್ರೆ ಬಡ್ತಿ ತಪ್ಪೋದು ಅವಳಿಗೇ, ಅಪ್ಪನ ಹತ್ರ ಯಾರೂ ಏನೂ ಕೇಳಲ್ಲ. 1981ರಲ್ಲೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆ ಜವಾಬ್ದಾರಿ ಇರೋ ಗಂಡಸರು ಹೆಂಗಸರು ಇಬ್ರಿಗೂ ಅಂತಲೇ ಒಂದು ಒಪ್ಪಂದ ಮಾಡ್ತು, ಸ್ವೀಡನ್ ಅಂತೂ 1974ರಲ್ಲೇ ಹೆರಿಗೆ ರಜನ ಅಪ್ಪ ಅಮ್ಮ ಇಬ್ರೂ ತಗೋಬಹುದಾದ ರಜವಾಗಿ ಬದಲಾಯಿಸ್ತು. ಅಪ್ಪನಿಗೆ ಸಿಗೋ ರಜ ಇದ್ರೆ ಪೂರ್ತಿ ತಗೊಳ್ಳಿ, ಅಮ್ಮ ಕೆಲಸಕ್ಕೆ ವಾಪಸ್ ಹೋದ ಮೇಲೆ ಒಂದಷ್ಟು ದಿನ ಅಪ್ಪ ಒಬ್ರೇ ಮಗು ಜೊತೆ ಇದ್ರೆ ಇನ್ನೂ ಒಳ್ಳೇದು. ಪಕ್ಕದಲ್ಲಿ ಕೇಳೋಕೆ ಯಾರೂ ಇಲ್ದಾಗ ಎಲ್ಲಾ ಕೆಲಸ ತಾನಾಗೇ ಬರತ್ತೆ.

ಆರನೇದು: ಸಂಜೆ

ಇಲ್ಲಿ ಲೆಕ್ಕನ ಹಿಂದಿನಿಂದ ಹಾಕಿ. ನಿದ್ದೆ 1ರಿಂದ 2 ವರ್ಷದ ಮಗುಗೆ ದಿನಕ್ಕೆ 11ರಿಂದ 14 ಗಂಟೆ, 3ರಿಂದ 5 ವರ್ಷಕ್ಕೆ 10ರಿಂದ 13 (ಇವೆರಡೂ ಹಗಲು ನಿದ್ದೆ ಸೇರಿ), 6ರಿಂದ 12 ವರ್ಷಕ್ಕೆ 9ರಿಂದ 12 ಗಂಟೆ ಬೇಕು. ಏಳು ವರ್ಷದ ಮಗು ಆರೂವರೆಗೆ ಏಳ್ಬೇಕಂದ್ರೆ ರಾತ್ರಿ ಎಂಟೂವರೆಗೆ ಮಲಗಿದ್ರೆ 10 ಗಂಟೆ, ಒಂಬತ್ತೂವರೆ ಅಂದ್ರೆ 9 ಗಂಟೆ, ಅದರಾಚೆ ಹೋಗೋ ಹಾಗಿಲ್ಲ. ನೀವು ಮನೆ ಸೇರೋದು ಏಳಕ್ಕೆ ಅಂದ್ರೆ ಕೈಲಿರೋದು ಹೆಚ್ಚಂದ್ರೆ ಎರಡೂವರೆ ಗಂಟೆ, ಅದರಲ್ಲಿ ಊಟ, ಸ್ನಾನ, ಹೋಮ್‌ವರ್ಕ್, ಮಲಗ್ಸೋದು. ಹಾಗಾಗಿ ಆ ಹೊತ್ತಲ್ಲಿ ಮನೆ ಗುಡ್ಸೋದು, ಮೇಲ್ ನೋಡೋದು, ಬಟ್ಟೆ ಮಡಚೋದು ಯಾವುದೂ ಬೇಡ, ಮಗು ಮಲಗಿದ ಮೇಲೋ ನಾಳೆಗೋ ಹೋಗ್ಲಿ.

ಬಂದ ಕೂಡ್ಲೇ ಮೊದಲ ಇಪ್ಪತ್ತು ನಿಮಿಷ ಫೋನ್ ಬೇರೆ ರೂಮಲ್ಲಿಟ್ಟು ಮಗು ಪಕ್ಕ ನೆಲದ ಮೇಲೆ ಕೂತ್ಕೊಳ್ಳಿ. ಹೋಮ್‌ವರ್ಕ್ ಆಯ್ತಾ, ಟಿಫನ್ ಬಾಕ್ಸ್ ಖಾಲಿ ಆಯ್ತಾ ಅಂತ ವಿಚಾರಣೆ ಬೇಡ, ಮಗು ಏನು ಆಡ್ತಿದ್ಯೋ ಅದನ್ನೇ ಆಡಿ. ಆ ಇಪ್ಪತ್ತು ನಿಮಿಷ ಸಿಗದೇ ಇರೋ ಮಗು ಮಲಗೋವರೆಗೂ ಕಾಲು ಹಿಡ್ಕೊಂಡು ಓಡಾಡತ್ತೆ, ನೀವೇ ಗಮನಿಸಿ ನೋಡಿ.

ಆಫೀಸಿನ ಯೋಚನೆ ತಲೆಯಿಂದ ಇಳಿಯಲ್ಲ ಅನ್ನೋರು ಹೊರಡೋ ಮುಂಚೆ ಐದು ನಿಮಿಷ ತಗೊಂಡು, ಕೆಲಸ ಎಲ್ಲಿಗೆ ನಿಂತಿದೆ, ನಾಳೆ ಬೆಳಿಗ್ಗೆ ಮೊದ್ಲು ಏನು ಮಾಡ್ಬೇಕು ಅಂತ ಬರೆದಿಟ್ಟು ಹೊರಡಿ. ಅರ್ಧಕ್ಕೆ ಬಿಟ್ಟ ಕೆಲಸ ತಲೆ ತಿನ್ನೋದು ಅದನ್ನ ಮರೀತೀನೇನೋ ಅನ್ನೋ ಭಯಕ್ಕೆ, ಹಾಳೆ ಮೇಲಿದ್ರೆ ಆ ಭಯ ಇರಲ್ಲ. ಮನೆಯಿಂದಲೇ ಕೆಲಸ ಮಾಡೋರು ಲ್ಯಾಪ್‌ಟಾಪ್ ಮುಚ್ಚಿ ಕಣ್ಣಿಗೆ ಕಾಣದ ಕಡೆ ಇಡಿ, ಒಂದು ರೌಂಡ್ ಹೊರಗೆ ನಡೆದು ಬನ್ನಿ.

ಏಳನೇದು: ವಾರಕ್ಕೊಂದ್ಸಲ ಇಪ್ಪತ್ತು ನಿಮಿಷ

ಭಾನುವಾರ ಸಂಜೆ ಮಗು ಮಲಗಿದ ಮೇಲೆ ಕ್ಯಾಲೆಂಡರ್ ತೆಗೆದು ಕೂತ್ಕೊಳ್ಳಿ. ಮುಂದಿನ ವಾರ ಯಾರಿಗೆ ಯಾವ ದಿನ ಬಿಡೋಕಾಗದ ಕೆಲಸ, ಪಿಕಪ್ ಯಾರು, ಸ್ಕೂಲಲ್ಲಿ ಏನಾದ್ರೂ ಇದ್ಯಾ, ಊಟಕ್ಕೆ ಏನು ಅನ್ನೋದು, ಯಾರಿಗೆ ಯಾವ ಸಂಜೆ ಬಿಡುವು. ಕೊನೇದನ್ನ ಬಿಡ್ಬೇಡಿ, ಇಬ್ರಿಗೂ ವಾರದಲ್ಲಿ ಒಂದು ಸಂಜೆನಾದ್ರೂ ಮಗು ಜವಾಬ್ದಾರಿ ಇಲ್ಲದ ಹೊತ್ತು ಇರ್ಲಿ. ಹಳೇ ಜಗಳ ತೆಗಿಯೋ ಜಾಗ ಇದಲ್ಲ, ಅದಕ್ಕೆ ಬೇರೆ ಹೊತ್ತು ಇಟ್ಕೊಳ್ಳಿ. ಇಪ್ಪತ್ತು ನಿಮಿಷ ಆದ್ಮೇಲೆ ಎದ್ದುಬಿಡಿ.

ಒಬ್ರೇ ಮಗು ಬೆಳೆಸ್ತಿರೋರಿಗೆ

ಮೇಲೆ ಇಬ್ರು ಇಬ್ರು ಅಂತ ಬರೆದಿದೀನಿ, ಎಲ್ಲರ ಮನೇಲೂ ಇಬ್ರು ಇರಲ್ಲ. ಸಂಗಾತಿ ಬೇರೆ ಊರಲ್ಲಿರಬಹುದು, ಇಲ್ದೇನೂ ಇರಬಹುದು. ನಿಮಗೆ ಮೂರನೇ ವ್ಯಕ್ತಿ ಅಂತ ಹೇಳಿದ್ನಲ್ಲ ಅವರೇ ಎರಡನೇ ವ್ಯಕ್ತಿ, ಹಂಗಾಗಿ ಒಬ್ರ ಮೇಲೆ ನಿಲ್ಲಬೇಡಿ, ಇಬ್ರು ಮೂವರ ಹತ್ರ ಈಗ್ಲೇ ಮಾತಾಡಿಡಿ. ಅದೇ ಡೇಕೇರಿಗೆ ಬರೋ ಇನ್ನೊಂದು ಮನೆಯೋರ ಜೊತೆ ಪಿಕಪ್ ಹಂಚ್ಕೋಬಹುದು, ಈ ವಾರ ನಿಮ್ಮ ಮಗುನೂ ನಾನೇ ಕರ್ಕೊಂಡು ಬರ್ತೀನಿ ಮುಂದಿನ ವಾರ ನೀವು ಅಂತ. ಕೇಳೋಕೆ ಸಂಕೋಚ ಆಗತ್ತೆ ನಿಜ, ಆದ್ರೆ ಅವರಿಗೂ ಅದೇ ಬೇಕಾಗಿರತ್ತೆ. ದುಡ್ಡು ಕೊಟ್ಟು ಕಮ್ಮಿ ಮಾಡ್ಕೊಳ್ಳೋ ಕೆಲಸ ಯಾವುದಾದ್ರೂ ಇದ್ರೆ, ಮನೆ ಕೆಲಸಕ್ಕೆ ಜನ ಇಡೋದೋ ಸಾಮಾನು ಮನೆಗೆ ತರಿಸೋದೋ, ನಿಮ್ಮ ಬಜೆಟ್‌ನಲ್ಲಿ ಅದಕ್ಕೇ ಮೊದಲ ಜಾಗ ಕೊಡಿ.

ನಿಮ್ಮ ಆರೋಗ್ಯ

ದೊಡ್ಡೋರಿಗೂ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕು. ಮಗು ರಾತ್ರಿ ಏಳೋ ವಯಸ್ಸಲ್ಲಿ ಇದು ಒಂದೇ ಸಲಕ್ಕೆ ಸಿಗಲ್ಲ, ಅದಕ್ಕೆ ರಾತ್ರಿನೂ ಹಂಚ್ಕೊಳ್ಳಿ: ಒಂದು ಗಂಟೆವರೆಗೆ ಎದ್ರೆ ಒಬ್ರು, ಆಮೇಲೆ ಎದ್ರೆ ಇನ್ನೊಬ್ರು. ತುಂಬಾ ಮಂದಿ ಮೊದ್ಲು ಬಿಡೋದು ನಿದ್ದೆನೇ, ಕೊನೆಗೆ ಬಿಡ್ಬೇಕಾಗಿರೋದು ಅದು.

ಮಗು ಹುಟ್ಟಿ ವರ್ಷದೊಳಗೆ ಎರಡು ವಾರಕ್ಕಿಂತ ಜಾಸ್ತಿ ಮನಸ್ಸು ಕುಗ್ಗಿದ ಹಾಗೇ ಇದ್ರೆ, ಮಗು ಮಲಗಿದ್ರೂ ನಿದ್ದೆ ಬರ್ದೇ ಇದ್ರೆ, ಯಾವುದ್ರಲ್ಲೂ ಆಸಕ್ತಿ ಇಲ್ದೇ ಇದ್ರೆ, ಅದು ಬರೀ ಸುಸ್ತಲ್ಲ. ಹೆರಿಗೆ ನಂತರದ ಖಿನ್ನತೆ ಇರಬಹುದು, ಅಪ್ಪಂದಿರಿಗೂ ಬರತ್ತೆ, ಚಿಕಿತ್ಸೆ ಇದೆ, ವಾಸಿ ಆಗತ್ತೆ. ಡಾಕ್ಟರ್ ಹತ್ರ ಹೋಗಿ. ನಿಮಗೋ ಮಗುಗೋ ಏನಾದ್ರೂ ಮಾಡ್ಕೊಂಡುಬಿಡ್ತೀನೇನೋ ಅನ್ನೋ ಯೋಚನೆ ಬಂದ್ರೆ ಅವತ್ತೇ ಹೋಗಿ, ಒಬ್ರೇ ಇರಬೇಡಿ.

ಇಷ್ಟೆಲ್ಲಾ ಪ್ಲಾನ್ ಮಾಡಿದ್ರೂ ಕೆಲವು ವಾರ ಏನೂ ನಡಿಯಲ್ಲ, ಒಬ್ರಿಗೆ ಡೆಡ್‌ಲೈನ್, ಮಗುಗೆ ಕೆಮ್ಮು, ಸಹಾಯಕ್ಕೆ ಬರೋರು ಊರಲ್ಲಿಲ್ಲ. ಅಂಥ ವಾರಕ್ಕೂ ಒಂದು ಪಟ್ಟಿ ಬರೆದಿಡಿ, ಮೊದ್ಲು ಏನು ಕೈಬಿಡ್ತೀವಿ ಅಂತ: ಮನೆ ಒಪ್ಪ ಮಾಡೋದು, ಆಮೇಲೆ ದೊಡ್ಡ ಅಡುಗೆ, ಆಮೇಲೆ ನೆಂಟರ ಮನೆ, ಆಮೇಲೆ ಮಗುವಿನ ಆಟ ಪಾಠದ ಕ್ಲಾಸು. ನಿದ್ದೆ, ಔಷಧಿ, ಊಟ, ಆ ಇಪ್ಪತ್ತು ನಿಮಿಷ ಪಟ್ಟಿಯ ಕೊನೇಲಿರ್ಲಿ. ಸ್ಕೂಲು ಬದಲಾದಾಗ, ಕೆಲಸ ಬದಲಾದಾಗ, ಇನ್ನೊಂದು ಮಗು ಬಂದಾಗ ಎಲ್ಲಾ ಹಂಚಿಕೆನೂ ಮತ್ತೆ ಮೊದಲನೇ ಹೆಜ್ಜೆಯಿಂದ ನೋಡಿ, ಹಳೇ ಲಿಸ್ಟನ್ನೇ ಎಳ್ಕೊಂಡು ಹೋಗ್ಬೇಡಿ.